ಪಿಕಪ್‌ನ ಹಿಂಬದಿ ಸ್ಪ್ರಿಂಗ್ ಬಿಚ್ಚಿದ ಮೇಲೆ ಆಕ್ಸಲನ್ನು ಹಿಡಿದಿರುವುದು ಯಾವುದು?

ಪ್ರಶ್ನೆ: ನನ್ನ ಪಿಕಪ್ ಹಳೆಯದಾಗಿದೆ. ಹಿಂಬದಿಯ ಎಡಗಡೆ ಲೀಫ್ ಸ್ಪ್ರಿಂಗ್ ಕಟ್ಟಿನಲ್ಲಿ ಮೂರನೆಯ ಪಟ್ಟಿ ಮುರಿದಿದ್ದು, ವಾಹನ ಆ ಬದಿಗೆ ವಾಲಿ ನಿಲ್ಲುತ್ತದೆ. ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗುತ್ತಿದೆ. ಸ್ಪ್ರಿಂಗ್, ಬುಶ್, ಶ್ಯಾಕಲ್ ಮತ್ತು ಶಾಕ್‌ಗಳನ್ನು ನಾನೇ ಬದಲಿಸಬೇಕೆಂದಿದ್ದೇನೆ. ನನ್ನ ಬಳಿ ಸ್ಪ್ಯಾನರ್ ಸೆಟ್ ಮತ್ತು ವಾಹನದ ಜೊತೆ ಬಂದ ಬಾಟಲ್ ಜ್ಯಾಕ್ ಇವೆ, ಇಷ್ಟು ಸಾಕೆ? ಎಡಗಡೆಯದೊಂದನ್ನೇ ಬದಲಿಸಿದರೆ ಆಗುವುದಿಲ್ಲವೆ? ಹಳೆಯ ಯು ಬೋಲ್ಟ್‌ಗಳು ನೋಡಲು ಚೆನ್ನಾಗಿಯೇ ಇವೆ, ಅವನ್ನೇ ಬಳಸಬಹುದೆ? ಹೆಚ್ಚು ಭಾರ ಹೊರಲು ಒಂದು ದಪ್ಪ ಪಟ್ಟಿಯನ್ನು ಸೇರಿಸಬಹುದೆ?

ಉತ್ತರ: ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು ಈ ಕೆಲಸವನ್ನು ತಾವೇ ಮಾಡಬಹುದು, ಆದರೆ ಒಂದೇ ಒಂದು ಬಾಟಲ್ ಜ್ಯಾಕನ್ನು ನೆಚ್ಚಿಕೊಂಡು ಖಂಡಿತ ಮಾಡಬಾರದು. ಅದಕ್ಕೆ ಕಾರಣ ಪಿಕಪ್‌ನ ಹಿಂಬದಿಯ ರಚನೆಯಲ್ಲೇ ಇದೆ. ಕಾಯಿಲ್ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಸ್ಪ್ರಿಂಗ್ ಭಾರವನ್ನಷ್ಟೇ ಹೊರುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದಕ್ಕೆ ಬೇರೆ ತೋಳುಗಳಿರುತ್ತವೆ. ಪಟ್ಟಿ ಸ್ಪ್ರಿಂಗಿನ, ಅಂದರೆ ಲೀಫ್ ಸ್ಪ್ರಿಂಗಿನ, ವ್ಯವಸ್ಥೆಯಲ್ಲಿ ಇವೆರಡೂ ಕೆಲಸ ಒಂದೇ ಕಟ್ಟಿನ ಮೇಲೆ ಬಿದ್ದಿವೆ. ಎಂಜಿನ್ನಿನ ಎಳೆತ, ಬ್ರೇಕಿನ ತಡೆತ, ತಿರುವಿನಲ್ಲಿ ಬರುವ ಅಡ್ಡ ಬಲ ಇವೆಲ್ಲವೂ ಆಕ್ಸಲಿನಿಂದ ಚಾಸಿಗೆ (ವಾಹನದ ಉಕ್ಕಿನ ಚೌಕಟ್ಟಿಗೆ) ದಾಟುವುದು ಆ ಪಟ್ಟಿಗಳ ಮೂಲಕವೇ. ಅದರಲ್ಲೂ ಮುಂದಿನ ಕಣ್ಣಿನಿಂದ (ಪಟ್ಟಿಯ ತುದಿಯನ್ನು ಸುರುಳಿ ಮಾಡಿ ಬೋಲ್ಟ್ ತೂರಿಸಲು ಬಿಟ್ಟ ರಂಧ್ರದಿಂದ) ಆಕ್ಸಲ್‌ವರೆಗಿನ ಅರ್ಧ ಭಾಗಕ್ಕೆ ಹೊಣೆ ಹೆಚ್ಚು, ಏಕೆಂದರೆ ಹಿಂದಿನ ತುದಿ ಶ್ಯಾಕಲ್ ಎಂಬ ತೂಗುಕೊಂಡಿಯಲ್ಲಿ ತೂಗಾಡುತ್ತದೆ, ಗಟ್ಟಿಯಾಗಿ ಕಟ್ಟಿರುವುದು ಮುಂದಿನ ತುದಿ ಮಾತ್ರ. ಹೀಗಾಗಿ ನೀವು, ಕಟ್ಟನ್ನು ಆಕ್ಸಲಿಗೆ ಬಿಗಿದಿರುವ U ಆಕಾರದ ಯು ಬೋಲ್ಟ್‌ನ ನಟ್ಟುಗಳನ್ನು ಸಡಿಲಿಸಿದ ಕ್ಷಣದಿಂದ ಆ ಬದಿಯಲ್ಲಿ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಏನೂ ಉಳಿದಿರುವುದಿಲ್ಲ, ನೀವು ಕೊಟ್ಟ ಆಧಾರವೊಂದನ್ನು ಬಿಟ್ಟು. ಚಾಸಿಗೆ ಒಂದು ಆಧಾರ, ಆಕ್ಸಲಿಗೆ ಮತ್ತೊಂದು, ಇವೆರಡೂ ಒಂದನ್ನೊಂದು ನಂಬಿ ನಿಂತಿರಬಾರದು. ಮುಂದೆ ನಾನು ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಮಾತಿನಿಂದಲೇ ಹುಟ್ಟಿದವು.

ಕೆಲಸಕ್ಕೆ ಮೊದಲು, ಮುರಿದಿರುವುದು ನಿಜಕ್ಕೂ ಮೂರನೆಯ ಪಟ್ಟಿಯೇ, ಬೇರೇನಾದರೂ ಹೋಗಿದೆಯೇ ಎಂದು ಬೆಳಕು ಹಿಡಿದು ನೋಡಿ. ಪಟ್ಟಿಗಳು ಸಾಮಾನ್ಯವಾಗಿ ಮುರಿಯುವುದು ನಡುವೆ, ಪಟ್ಟಿಗಳನ್ನೆಲ್ಲ ಒಂದಾಗಿ ಹಿಡಿಯುವ ಸೆಂಟರ್ ಬೋಲ್ಟಿನ ರಂಧ್ರದ ಆಸುಪಾಸಿನಲ್ಲಿ. ರಂಧ್ರವಿರುವಲ್ಲಿ ಲೋಹ ಕಡಿಮೆ, ಒತ್ತಡ ಹೆಚ್ಚು. ಯು ಬೋಲ್ಟ್ ಬಿಗಿಯಾಗಿದ್ದಷ್ಟು ಕಾಲ ಆ ಭಾಗ ಬಾಗುವುದೇ ಇಲ್ಲ, ಆದ್ದರಿಂದ ಮುರಿಯುವುದೂ ಇಲ್ಲ. ಅದು ಸಡಿಲವಾದ ಮೇಲೆ ಪಟ್ಟಿ ರಂಧ್ರದ ಬಳಿಯೇ ಬಾಗತೊಡಗುತ್ತದೆ. ಇದರ ಗುರುತು ಕಣ್ಣಿಗೆ ಕಾಣುವಂಥದು: ಯು ಬೋಲ್ಟಿನ ಪ್ಲೇಟಿನ ಅಂಚಿನಲ್ಲಿ, ಪಟ್ಟಿ ಮತ್ತು ಆಕ್ಸಲ್ ಪೀಠದ (ಆಕ್ಸಲಿನ ಮೇಲೆ ಕಟ್ಟು ಕೂರುವ ಜಾಗದ) ನಡುವೆ, ನುಣುಪಾದ ಕೆಂಪು ಪುಡಿ ಕೂತಿರುತ್ತದೆ, ಅದರ ಪಕ್ಕದಲ್ಲಿ ಲೋಹ ಉಜ್ಜಿ ಹೊಳೆಯುವ ತೆಳುವಾದ ಗೆರೆ ಇರುತ್ತದೆ. ಹಳೆಯ ತುಕ್ಕು ಕಪ್ಪಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಈ ಪುಡಿಯೋ ಬೆರಳಿಗೆ ಹತ್ತಿಕೊಂಡು ಬರುತ್ತದೆ. ಅದು ಕಂಡರೆ ಅಲ್ಲಿ ಎರಡು ಲೋಹಗಳು ಒಂದರ ಮೇಲೊಂದು ಜಾರುತ್ತಿವೆ ಎಂದೇ ತಿಳಿಯಬೇಕು. ಸೆಂಟರ್ ಬೋಲ್ಟ್ ಕೂಡ ತುಂಡಾಗಿದ್ದರೆ ಅಥವಾ ಕಣ್ಣುಳ್ಳ ಮೊದಲ ಪಟ್ಟಿಯೇ ಒಡೆದಿದ್ದರೆ ವಾಹನವನ್ನು ಓಡಿಸಲೇಬೇಡಿ. ಆಕ್ಸಲ್ ಒಂದು ಬದಿಯಲ್ಲಿ ಹಿಂದೆ ಸರಿದು, ಸ್ಟಿಯರಿಂಗ್ ನೇರವಾಗಿ ಹಿಡಿದಿದ್ದರೂ ಹಿಂಗಾಲಿಗಳು ವಾಹನವನ್ನು ತಮಗೆ ಬೇಕಾದ ಕಡೆಗೆ ತಿರುಗಿಸುತ್ತವೆ. ಎರಡನೆಯ ಪಟ್ಟಿಯ ತುದಿಯನ್ನು ಮೊದಲ ಪಟ್ಟಿಯ ಕಣ್ಣಿನ ಸುತ್ತ ಬಳಸಿ ತಂದಿರುವ ಕಟ್ಟುಗಳಿವೆ. ಮೊದಲನೆಯದು ಕಣ್ಣಿನ ಬಳಿ ಮುರಿದರೂ ಆಕ್ಸಲ್ ಪೂರ್ತಿ ಕಳಚಿಹೋಗದಿರಲೆಂದು ಮಾಡಿದ ಏರ್ಪಾಡು ಅದು. ಅದನ್ನು ನೆಚ್ಚಿ ಪ್ರಯಾಣ ಮುಂದುವರಿಸಲು ಅಲ್ಲ.

ಅದೇ ಹೊತ್ತಿನಲ್ಲಿ ಚಾಸಿಗೆ ಬೆಸೆದಿರುವ, ಸ್ಪ್ರಿಂಗಿನ ತುದಿಗಳನ್ನು ಹಿಡಿಯುವ ಹ್ಯಾಂಗರ್‌ಗಳನ್ನೂ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಗಟ್ಟಿ ಲೋಹ ಖಣಿಲ್ ಎನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕಾಗಿ ಪದರಗಳು ಉದುರುತ್ತವೆ. ಹ್ಯಾಂಗರ್ ಅಥವಾ ಚಾಸಿ ತುಕ್ಕಿನಿಂದ ತೆಳುವಾಗಿದ್ದರೆ ನಿಮ್ಮ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿ. ಹೊಸ ಸ್ಪ್ರಿಂಗಿನ ಬಿಗಿತವನ್ನು ಅದು ತಾಳಲಾರದು, ಮತ್ತು ಚಾಸಿಯ ಬೆಸುಗೆ ಅದನ್ನೇ ಕಸುಬಾಗಿ ಮಾಡುವವರ ಕೈಯಲ್ಲಿ ಆಗಬೇಕಾದ ಕೆಲಸ.

ಈಗ ಸಲಕರಣೆಗಳು. ವಾಹನವನ್ನು ಎತ್ತಲು ಅದರ ತೂಕಕ್ಕೆ ತಕ್ಕ ಒಂದು ಟ್ರಾಲಿ ಜ್ಯಾಕ್, ಆಕ್ಸಲನ್ನು ಏರಿಸಿ ಇಳಿಸಲು ಇನ್ನೊಂದು ಜ್ಯಾಕ್, ಚಾಸಿಗೆ ಎರಡು ಗಟ್ಟಿಯಾದ ಜ್ಯಾಕ್ ಸ್ಟ್ಯಾಂಡ್, ಸಾಧ್ಯವಾದರೆ ಆಕ್ಸಲಿಗೆ ಮತ್ತೆರಡು, ಮುಂಗಾಲಿಗಳಿಗೆ ಹಿಂದೆ ಮುಂದೆ ಕೊಡಲು ನಾಲ್ಕು ಅಡೆಗಳು, ಉದ್ದ ಹಿಡಿಯ ಸಾಕೆಟ್, ಮತ್ತು ನಟ್ಟನ್ನು ನಿಗದಿತ ತಿರುಚುಬಲಕ್ಕೆ (ಟಾರ್ಕ್) ಬಿಗಿಯುವ ಟಾರ್ಕ್ ವ್ರೆಂಚ್ ಬೇಕು. ನಿಮ್ಮ ಬಾಟಲ್ ಜ್ಯಾಕ್ ಎರಡನೆಯ ಜ್ಯಾಕಿನ ಸ್ಥಾನವನ್ನು ತುಂಬಬಹುದು, ಆದರೆ ಅದರ ತಲೆ ಚಿಕ್ಕದು, ದುಂಡಗಿನ ಆಕ್ಸಲ್ ಟ್ಯೂಬಿನಡಿ ಅದು ಪಕ್ಕಕ್ಕೆ ಜಾರುವುದು ಸುಲಭ. ಟ್ಯೂಬಿಗೆ ಹೊಂದುವ ತಗ್ಗಿರುವ ತಲೆಯನ್ನು ಅದಕ್ಕೆ ಜೋಡಿಸಿಕೊಳ್ಳಿ. ಜ್ಯಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಅದರೊಳಗಿನ ಒಂದು ರಬ್ಬರ್ ಸೀಲ್ ಸೋತರೆ ವಾಹನ ಕೆಳಗಿಳಿಯುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಸ್ಟ್ಯಾಂಡಿನ ಮೇಲೆ ಬರೆದಿರುವ ಟನ್ನುಗಳು ಒಂದಕ್ಕೋ ಜೋಡಿಗೋ ಎಂಬುದನ್ನು ಓದಿ ತಿಳಿದುಕೊಳ್ಳಿ, ಎರಡೂ ಬಗೆಯ ನಮೂದು ಉಂಟು. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳನ್ನು ಆಧಾರವಾಗಿ ಇಡಲೇಬೇಡಿ. ಅವು ಹರಡಿದ ಭಾರವನ್ನು ಹೊರುತ್ತವೆ ನಿಜ, ಆದರೆ ಚಾಸಿಯ ಕಿರಿದಾದ ಅಂಚು ಒಂದೇ ಗೆರೆಯಲ್ಲಿ ಒತ್ತಿದಾಗ ಬಿರುಕು ಕಾಣಿಸದೆ ಒಮ್ಮೆಲೇ ಪುಡಿಯಾಗುತ್ತವೆ.

ವಾಹನ ಉರುಳುವ ವಿಷಯದಲ್ಲಿ ಬಹಳ ಜನ ತಪ್ಪು ಧೈರ್ಯ ಇಟ್ಟುಕೊಂಡಿರುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲಿ ನಿಲ್ಲಿಸಿದೆ, ಇನ್ನೇನು ಎನ್ನುತ್ತಾರೆ. ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಗಾಲಿಗಳನ್ನು, ಗೇರ್ ತಡೆಯುವುದೂ ಹಿಂಗಾಲಿಗಳನ್ನೇ. ಹಿಂಗಾಲಿಗಳೆರಡೂ ನೆಲಬಿಟ್ಟ ಮೇಲೆ ಈ ಎರಡು ಏರ್ಪಾಡುಗಳಿಗೂ ನೆಲದ ಸಂಬಂಧವೇ ಇರುವುದಿಲ್ಲ. ಒಂದು ಹಿಂಗಾಲಿಯನ್ನು ಮಾತ್ರ ಎತ್ತಿದಾಗಲೂ ಗೇರನ್ನು ನಂಬಬಾರದು: ಎಂಜಿನ್ನಿನ ಎಳೆತವನ್ನು ಎರಡು ಹಿಂಗಾಲಿಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಅದಕ್ಕೆ ಬರುವ ಉದ್ದ ದಂಡ) ನಿಂತಿದ್ದರೂ ನೆಲದ ಮೇಲಿನ ಗಾಲಿ ಒಂದು ದಿಕ್ಕಿಗೆ, ಗಾಳಿಯಲ್ಲಿರುವ ಗಾಲಿ ಅದರ ವಿರುದ್ಧ ದಿಕ್ಕಿಗೆ ತಿರುಗಬಲ್ಲವು, ವಾಹನ ನಿರಾಯಾಸವಾಗಿ ಉರುಳುತ್ತದೆ. ಆದ್ದರಿಂದ ಸಮತಟ್ಟಾದ, ಗಟ್ಟಿಯಾದ ನೆಲದಲ್ಲಿ ನಿಲ್ಲಿಸಿ ಎರಡೂ ಮುಂಗಾಲಿಗಳಿಗೆ ಹಿಂದೆ ಮುಂದೆ ಅಡೆ ಕೊಡುವುದೇ ಇಲ್ಲಿ ನಿಜವಾದ ಬ್ರೇಕ್. ಬಿಸಿಲಿಗೆ ಮೆತ್ತಗಾಗುವ ಡಾಂಬರಿನ ಮೇಲೆ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅಂಥ ಕಡೆ ದಪ್ಪ ಹಲಗೆ ಅಥವಾ ಉಕ್ಕಿನ ತಗಡನ್ನು ಕೆಳಗೆ ಹಾಸಿ.

ತೊಟ್ಟಿಯಲ್ಲಿರುವ ಸಾಮಾನನ್ನೆಲ್ಲ ಇಳಿಸಿ, ಗಾಲಿಯ ನಟ್ಟುಗಳನ್ನು ವಾಹನ ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಿ. ಅನಂತರ ತಯಾರಕರ ಕೈಪಿಡಿ ತೋರಿಸಿದ ಜಾಗದಲ್ಲಿ ಜ್ಯಾಕ್ ಕೊಟ್ಟು ಹಿಂಬದಿಯನ್ನು ಎತ್ತಿ, ಸ್ಪ್ರಿಂಗಿನ ಮುಂದಿನ ಹ್ಯಾಂಗರಿಗಿಂತ ಸ್ವಲ್ಪ ಮುಂದೆ, ಚಾಸಿಯ ಎರಡೂ ಉದ್ದ ತೊಲೆಗಳ ಕೆಳಗೆ ಒಂದೇ ಎತ್ತರಕ್ಕೆ ಸ್ಟ್ಯಾಂಡ್‌ಗಳನ್ನು ಇಟ್ಟು ವಾಹನವನ್ನು ನಿಧಾನವಾಗಿ ಅವುಗಳ ಮೇಲೆ ಇಳಿಸಿ. ಬ್ರೇಕ್ ಪೈಪ್, ಇಂಧನ ಪೈಪ್ ಅಥವಾ ವೈರಿಂಗ್ ಸ್ಟ್ಯಾಂಡಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಳ್ಳಿ. ಈಗ, ಇನ್ನೂ ಯಾರೂ ಕೆಳಗೆ ಹೋಗುವ ಮೊದಲು, ವಾಹನವನ್ನು ಪಕ್ಕದಿಂದಲೂ ಹಿಂದಿನಿಂದಲೂ ಬಲವಾಗಿ ತಳ್ಳಿ. ಅಲುಗಾಡುವುದಿದ್ದರೆ ನೀವು ಹೊರಗಿರುವಾಗಲೇ ಅಲುಗಾಡಲಿ. ಬಿಚ್ಚಿದ ಗಾಲಿಗಳನ್ನು ಚಾಸಿಯ ಕೆಳಗೆ ಅಡ್ಡಲಾಗಿ ಮಲಗಿಸಿಡಿ. ಎಲ್ಲ ಆಧಾರ ತಪ್ಪಿದರೂ ಅಷ್ಟು ಎತ್ತರದ ಜಾಗ ಉಳಿಯುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಬ್ಬರು ಇರಲಿ. ಒಂಟಿಯಾಗಿ ಈ ಕೆಲಸಕ್ಕೆ ಇಳಿಯಬೇಡಿ.

ಇಲ್ಲಿಂದ ಮುಂದೆ ಆಕ್ಸಲ್ ಕೆಳಗಿನ ಜ್ಯಾಕ್ ಒಂದು ಅಳತೆಯ ಸಾಧನದಂತೆ ಕೆಲಸ ಮಾಡಬೇಕು. ಅದನ್ನು ಬಹಳ ಏರಿಸಿದರೆ ಚಾಸಿ ಸ್ಟ್ಯಾಂಡಿನಿಂದ ಮೇಲೇಳುತ್ತದೆ, ಬಹಳ ಇಳಿಸಿದರೆ ಇಡೀ ಆಕ್ಸಲ್ ಪಟ್ಟಿಗಳಿಗೆ ಜೋತುಬೀಳುತ್ತದೆ. ನಮಗೆ ಬೇಕಿರುವುದು ಇವೆರಡರ ನಡುವಿನ ಸ್ಥಿತಿ, ಅಂದರೆ ಸ್ಪ್ರಿಂಗಿನಲ್ಲಿ ಮೇಲ್ಮುಖವಾಗಲೀ ಕೆಳಮುಖವಾಗಲೀ ಬಲ ಉಳಿಯದ ಸ್ಥಿತಿ. ಅದನ್ನು ಗುರುತಿಸುವುದು ಹೇಗೆಂದರೆ, ಶಾಕನ್ನು ಬಿಚ್ಚಿ, ಶ್ಯಾಕಲ್ ಬೋಲ್ಟಿನ ನಟ್ಟು ತೆಗೆದು, ಬೋಲ್ಟನ್ನು ಮೆಲ್ಲಗೆ ತಟ್ಟಿದಾಗ ಅದು ಸುತ್ತಿಗೆಗೆ ಎದುರು ಹೇಳದೆ ಸರಿಯಬೇಕು. ಬೋಲ್ಟ್ ಒಂದು ಕಡೆಗೆ ಒತ್ತಿಕೊಂಡಂತಿದ್ದರೆ ಜ್ಯಾಕನ್ನು ಅರ್ಧರ್ಧ ಬೆರಳಷ್ಟು ಏರಿಸಿ ಇಳಿಸಿ ನೋಡಿ. ಬಲವಿರುವ ಬೋಲ್ಟನ್ನು ಹೊಡೆದು ಹೊರಹಾಕಿದರೆ ಪಟ್ಟಿಯ ತುದಿ ಚಿಮ್ಮುತ್ತದೆ, ಮತ್ತು ಅದು ಚಿಮ್ಮುವ ದಾರಿಯಲ್ಲೇ ಕೆಲಸ ಮಾಡುವವರ ಮುಖವೂ ಮುಂಗೈಯೂ ಇರುತ್ತವೆ.

ಶಾಕ್ ಬಿಚ್ಚುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪಟ್ಟಿ ಸ್ಪ್ರಿಂಗಿನ ಬಹಳಷ್ಟು ವಾಹನಗಳಲ್ಲಿ ಆಕ್ಸಲ್ ಎಷ್ಟು ಕೆಳಗೆ ಇಳಿಯಬಹುದೆಂಬುದನ್ನು ನಿರ್ಧರಿಸುವುದು ಶಾಕಿನ ಉದ್ದವೇ. ಅದು ಹೋದ ಮೇಲೆ ಆಕ್ಸಲ್ ಇನ್ನೂ ಕೆಳಗೆ ಇಳಿಯಬಲ್ಲದು, ಆಗ ಮುಂದಿನ ತಡೆ ಬ್ರೇಕ್ ಹೋಸ್. ಹೋಸ್ ಹೊರಗೆ ಹರಿದಂತೆ ಕಾಣದಿದ್ದರೂ ಒಳಪದರ ಸೀಳಬಹುದು, ಅದರ ಫಲ ತಿಂಗಳುಗಳ ನಂತರ ಬ್ರೇಕ್ ಒತ್ತಿದಾಗ ತಿಳಿಯುತ್ತದೆ. ಹೋಸ್, ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ವೈರ್, ಹ್ಯಾಂಡ್‌ಬ್ರೇಕ್ ಕೇಬಲ್, ಡಿಫರೆನ್ಷಿಯಲ್‌ನ ಉಸಿರುಕೊಳವೆ ಇವುಗಳ ಕ್ಲಿಪ್ಪುಗಳನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ. ಹಳೆಯ ಶಾಕ್ ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರಬಹುದು. ಒಂಟಿ ಕೊಳವೆಯ ಬಗೆಯಲ್ಲಿ ಅದು ಸುಮಾರು 20ರಿಂದ 30 ಬಾರ್ ತನಕ ಇರುತ್ತದೆ. ಆದ್ದರಿಂದ ಅದನ್ನು ಕತ್ತರಿಸುವುದು, ಬೆಂಕಿಯಿಂದ ಕಾಯಿಸುವುದು ಸಲ್ಲದು. ಹೊಸ ಶಾಕನ್ನು ಅದುಮಿ ಸ್ಟ್ರ್ಯಾಪ್ ಕಟ್ಟಿ ಕೊಟ್ಟಿರುತ್ತಾರೆ, ಮೇಲಿನ ತುದಿಯನ್ನು ಜೋಡಿಸಿ ಕೆಳಗಿನ ತುದಿಯನ್ನು ಎದುರಿಗೆ ಹಿಡಿದ ಮೇಲೆಯೇ ಆ ಸ್ಟ್ರ್ಯಾಪನ್ನು ಕತ್ತರಿಸಿ. ಹಲವು ಪಿಕಪ್‌ಗಳಲ್ಲಿ ಒಂದು ಶಾಕ್ ಆಕ್ಸಲಿನ ಮುಂದೆ, ಇನ್ನೊಂದು ಹಿಂದೆ ಇರುತ್ತದೆ. ಅದು ಜೋಡಣೆಯ ದೋಷವಲ್ಲ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ನಡುಗುವುದನ್ನು ತಡೆಯಲು ಬೇಕೆಂದೇ ಮಾಡಿದ್ದು.

ಎರಡೂ ಬದಿಯ ಯು ಬೋಲ್ಟ್‌ಗಳನ್ನು ಒಟ್ಟಿಗೆ ಬಿಚ್ಚಬೇಡಿ. ಡಿಫರೆನ್ಷಿಯಲ್‌ನ ಮೂತಿ ಭಾರವಾದದ್ದು. ಎರಡೂ ಕಡೆ ಬಿಗಿ ತಪ್ಪಿದರೆ ಆಕ್ಸಲ್ ತನ್ನ ಸುತ್ತ ತಾನೇ ಉರುಳಿ ಮೂತಿ ಕೆಳಗಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳು ಅಡಚಿಕೊಳ್ಳುತ್ತವೆ, ಜ್ಯಾಕ್ ಜಾರುತ್ತದೆ. ಗಾಲಿಯ ಡ್ರಮ್ಮು, ಹೌಸಿಂಗ್ ಎಲ್ಲ ಸೇರಿ ಆ ಜೋಡಣೆ 100 ಕಿಲೋ ದಾಟಬಹುದು, ಕೈಯಿಂದ ಹಿಡಿಯುವ ಮಾತು ಬೇಡ. ನಿಮ್ಮ ವಾಹನದಲ್ಲಿ ಮುರಿದಿರುವ ಎಡಬದಿಯನ್ನು ಮೊದಲು ಮುಗಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಆಗ ಗಟ್ಟಿಯಾಗಿರುವ ಬಲಗಡೆಯ ಕಟ್ಟು ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತದೆ.

ತುಕ್ಕು ಹಿಡಿದ ಬೋಲ್ಟುಗಳು ಈ ಕೆಲಸದಲ್ಲಿ ಅತ್ಯಂತ ಹೆಚ್ಚು ಹೊತ್ತನ್ನೂ ತಾಳ್ಮೆಯನ್ನೂ ಕೇಳುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟುಗಳ ಎಲ್ಲ ಎಳೆಗಳಿಗೆ (ತಿರುಪಿನ ಸುತ್ತುಗಳಿಗೆ) ಬಿಟ್ಟಿಡಿ. ಮುಂದಿನ ಕಣ್ಣಿನ ಬೋಲ್ಟಿನ ನಟ್ಟು ಬಂದಿತು, ಆದರೆ ಬೋಲ್ಟನ್ನು ತಿರುಗಿಸಿದರೆ ತುಸು ತಿರುಗಿ, ಕೈ ಸಡಿಲಿಸಿದೊಡನೆ ಮೊದಲಿದ್ದ ಜಾಗಕ್ಕೇ ಮರಳುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಸ್ಪ್ಯಾನರಿಗೆ ಮೆತ್ತಗೆ ತಗಲುವ ಆ ಮರುಸೆಳೆತ ರಬ್ಬರಿನದು. ಬುಶ್ಶಿನ, ಅಂದರೆ ಕಣ್ಣಿನೊಳಗೆ ಕೂರುವ ರಬ್ಬರ್ ಬಿಲ್ಲೆಯ, ಒಳಗಿನ ಉಕ್ಕಿನ ಕೊಳವೆ ಬೋಲ್ಟಿಗೆ ತುಕ್ಕಿನಿಂದ ಬೆಸೆದುಹೋಗಿದೆ, ನೀವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ಬುಶ್ಶನ್ನು ಎಂದು ಅರ್ಥ. ಇಂಥಲ್ಲಿ ಸುತ್ತಿಗೆಯ ಏಟು ರಬ್ಬರಿನಲ್ಲಿ ಇಂಗಿಹೋಗುತ್ತದೆಯೇ ಹೊರತು ಬೋಲ್ಟ್ ಕದಲುವುದಿಲ್ಲ. ಬುಶ್ಶಿಗೂ ಹ್ಯಾಂಗರಿಗೂ ನಡುವಿನ ಸಂದಿಯಲ್ಲಿ ಗರಗಸದ ಅಲಗನ್ನು ತೂರಿಸಿ ಬೋಲ್ಟನ್ನು ಎರಡೂ ಕಡೆ ಕೊಯ್ಯುವುದೇ ಸರಿಯಾದ ದಾರಿ. ಸ್ಪ್ರಿಂಗ್ ಹೇಗೂ ಹೊಸದು, ಬೋಲ್ಟೂ ಹೊಸದು. ಗ್ಯಾಸಿನ ಬೆಂಕಿಯಿಂದ ಬುಶ್ ಸುಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಂಧನ ಟ್ಯಾಂಕ್ ಹಲವು ಪಿಕಪ್‌ಗಳಲ್ಲಿ ಇದೇ ಬೋಲ್ಟಿನ ಪಕ್ಕದಲ್ಲಿದೆ, ಬ್ರೇಕ್ ಪೈಪುಗಳೂ ಅಲ್ಲೇ ಹಾದುಹೋಗುತ್ತವೆ, ಸುಡುವ ರಬ್ಬರಿನ ಹೊಗೆ ವಿಷ. ಗ್ರೈಂಡರಿನ ಕಿಡಿಗೂ ಇದೇ ಮಾತು ಅನ್ವಯಿಸುತ್ತದೆ. ಟ್ಯಾಂಕಿನ ಬದಿಯಿಂದ ತೂರಿಸಿದ ಬೋಲ್ಟ್ ಹೊರಬರಲು ಜಾಗವಿಲ್ಲದೆ ಟ್ಯಾಂಕಿಗೇ ತಾಗುವುದುಂಟು. ಆಗ ಟ್ಯಾಂಕಿನ ಕಟ್ಟುಪಟ್ಟಿಗಳನ್ನು ಸಡಿಲಿಸಿ ಅದನ್ನು ಸ್ವಲ್ಪ ಇಳಿಸಬೇಕಾಗುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುವ ದಿನವನ್ನೇ ಆರಿಸಿಕೊಳ್ಳಿ. ಕೆಳಗೆ ಮಲಗಿ ನೋಡುವಾಗ ತುಕ್ಕಿನ ಚೂರು ನೇರ ಕಣ್ಣಿಗೇ ಬೀಳುವುದರಿಂದ ಕಣ್ಣು ಕಾಯುವ ರಕ್ಷಣಾ ಕನ್ನಡಕ ತೆಗೆಯಬೇಡಿ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಶಾಕ್‌ಗಳನ್ನೂ ಹಾಗೆಯೇ. ಒಂದು ಬದಿಯದು ಹೊಸತು, ಇನ್ನೊಂದು ಬದಿಯದು ವರ್ಷಗಟ್ಟಲೆ ಭಾರ ಹೊತ್ತು ಕಮಾನು ಇಳಿದದ್ದು ಎಂದಾದರೆ ವಾಹನ ಈಗ ಎಡಕ್ಕೆ ವಾಲುವುದನ್ನು ಬಿಟ್ಟು ಬಲಕ್ಕೆ ವಾಲುತ್ತದೆ. ಹಾಗೆಂದು ಎರಡೂ ಬದಿಗೆ ಒಂದೇ ಕ್ರಮಾಂಕದ ಸ್ಪ್ರಿಂಗ್ ಎಂದು ಮೊದಲೇ ಊಹಿಸಬೇಡಿ. ಚಾಲಕನ ತೂಕ ಮತ್ತು ಟ್ಯಾಂಕಿನ ಭಾರವನ್ನು ಸರಿದೂಗಿಸಲು ಎಡಕ್ಕೂ ಬಲಕ್ಕೂ ಬೇರೆಬೇರೆ ಕಮಾನಿನ ಸ್ಪ್ರಿಂಗ್ ಕೊಡುವ ತಯಾರಕರಿದ್ದಾರೆ.

ಹಳೆಯ ಯು ಬೋಲ್ಟ್‌ಗಳನ್ನು ಮತ್ತೆ ಹಾಕಬೇಡಿ, ಅವು ಎಷ್ಟೇ ಹೊಳೆಯುತ್ತಿರಲಿ. ಬೋಲ್ಟ್ ಬಿಗಿಯಾಗಿರುವುದು ಅದು ತುಸು ಹಿಗ್ಗಿ ರಬ್ಬರಿನಂತೆ ಸೆಳೆದುಕೊಂಡಿರುವುದರಿಂದ. ವರ್ಷಗಟ್ಟಲೆ ಹಿಗ್ಗಿದ ಎಳೆಗಳ ಆಕಾರ ಬದಲಾಗಿರುತ್ತದೆ, ಹಳೆಯ ಕಟ್ಟಿನ ಅಗಲಕ್ಕೆ ಅದರ ಬಾಗು ಹೊಂದಿಕೊಂಡಿರುತ್ತದೆ. ಮೇಲಾಗಿ ನಟ್ಟನ್ನು ಬಿಗಿಯಲು ನೀವು ಕೊಡುವ ಬಲದಲ್ಲಿ ಸುಮಾರು ಶೇ 90 ಭಾಗ ಎಳೆಗಳ ಮತ್ತು ನಟ್ಟಿನ ತಳದ ಘರ್ಷಣೆಯನ್ನು ಗೆಲ್ಲುವುದಕ್ಕೇ ಖರ್ಚಾಗುತ್ತದೆ, ಉಳಿದ ಶೇ 10ರಷ್ಟು ಮಾತ್ರ ಬೋಲ್ಟನ್ನು ಸೆಳೆದು ಪಟ್ಟಿಗಳನ್ನು ಹಿಡಿಯುತ್ತದೆ. ತುಕ್ಕು ತಿಂದ ಎಳೆಯಲ್ಲಿ ಘರ್ಷಣೆ ಇನ್ನಷ್ಟು ಹೆಚ್ಚಿ, ಟಾರ್ಕ್ ವ್ರೆಂಚ್ ಸರಿಯಾದ ಅಂಕಿಯನ್ನು ತೋರಿಸುತ್ತಿದ್ದರೂ ಹಿಡಿತ ಅರ್ಧಕ್ಕೂ ಬಂದಿರದೆ ಇರಬಹುದು. ಇದರ ವಿರುದ್ಧದ ತಪ್ಪೂ ಇದೆ: ಕೈಪಿಡಿಯಲ್ಲಿ ಒಣ ಎಳೆಗೆಂದು ಕೊಟ್ಟ ಟಾರ್ಕನ್ನು ಎಣ್ಣೆ ಹಚ್ಚಿದ ಎಳೆಗೆ ಕೊಟ್ಟರೆ ಬೋಲ್ಟ್ ತಾಳುವ ಮಿತಿ ಮೀರಿ ಹಿಗ್ಗುತ್ತದೆ. ಎಳೆ ಒಣಗಿರಬೇಕೋ ಎಣ್ಣೆ ಇರಬೇಕೋ ಎಂಬುದನ್ನೂ ಟಾರ್ಕಿನ ಅಂಕಿಯನ್ನೂ ನಿಮ್ಮ ವಾಹನದ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಇನ್ನೊಂದು ವಾಹನದ ಅಂಕಿ ನಿಮ್ಮದಕ್ಕೆ ನಡೆಯದು.

ಹೊಸ ಕಟ್ಟನ್ನು ಏರಿಸುವ ಮೊದಲು ಹಳೆಯದರ ಪಕ್ಕ ಮಲಗಿಸಿ ಅಳೆಯಿರಿ. ಸೆಂಟರ್ ಬೋಲ್ಟ್ ಬಹಳಷ್ಟು ಕಟ್ಟುಗಳಲ್ಲಿ ನಟ್ಟನಡುವೆ ಇರುವುದಿಲ್ಲ, ಮುಂದಿನ ಭಾಗ ಚಿಕ್ಕದಾಗಿ ಹಿಂದಿನದು ಉದ್ದವಾಗಿರುತ್ತದೆ. ಹಿಂದುಮುಂದಾಗಿ ಹಾಕಿದರೆ ಬೋಲ್ಟುಗಳೆಲ್ಲ ಹೇಗೋ ಕೂರಬಹುದು, ಆದರೆ ಆಕ್ಸಲ್ ತನ್ನ ಜಾಗ ಬಿಟ್ಟು ಸರಿದಿರುತ್ತದೆ. ಒಂದು ಕಟ್ಟು ಸುಮಾರು 30 ಕಿಲೋ ತೂಗುವುದು ಸಾಮಾನ್ಯವಾದ್ದರಿಂದ ಎತ್ತಲು ಇಬ್ಬರಿರಬೇಕು. ಆಕ್ಸಲ್ ಪೀಠವನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಲೋಹ ಕಾಣುವಷ್ಟು ಶುಚಿ ಮಾಡಿ. ದಪ್ಪ ಬಣ್ಣವನ್ನೂ ತುಕ್ಕನ್ನೂ ನಡುವೆ ಬಿಟ್ಟು ಬಿಗಿದರೆ ಅವು ನಾಲ್ಕು ದಿನದಲ್ಲಿ ಅದುಮಿಕೊಂಡು ಹೋಗಿ ಬಿಗಿತ ತಾನಾಗಿ ಕಳೆಯುತ್ತದೆ.

ಮೊದಲು ಮುಂದಿನ ಕಣ್ಣು, ನಂತರ ಶ್ಯಾಕಲ್, ಇವೆರಡರ ನಟ್ಟುಗಳನ್ನು ಕೈಬಿಗಿಯಷ್ಟೇ ಹಾಕಿ. ಈಗ ಜ್ಯಾಕಿನಿಂದ ಆಕ್ಸಲನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಸೆಂಟರ್ ಬೋಲ್ಟಿನ ದುಂಡು ತಲೆ ಪೀಠದ ರಂಧ್ರಕ್ಕೆ ಎದುರಾಗುವಂತೆ ಹಾರೆಕೋಲಿನಿಂದ ಆಕ್ಸಲನ್ನು ನೂಕಬೇಕು. ತಲೆ ರಂಧ್ರದ ಅಂಚಿನ ಮೇಲೆ ಕೂತಿದ್ದರೆ ಪಟ್ಟಿಗೂ ಪೀಠಕ್ಕೂ ನಡುವೆ ಒಂದು ಬದಿಯಲ್ಲಿ ಕತ್ತಲ ಸೀಳು ಕಾಣುತ್ತದೆ. ಸರಿಯಾಗಿ ಕೂತಾಗ ಚಿಕ್ಕದೊಂದು ಟಪ್ ಶಬ್ದವಾಗಿ ಆ ಸೀಳು ಮುಚ್ಚಿಕೊಳ್ಳುತ್ತದೆ. ರಂಧ್ರ ಎದುರಾಗಿದೆಯೇ ಎಂದು ಬೆರಳು ತೂರಿಸಿ ನೋಡಬೇಡಿ, ಕಣ್ಣಿನ ಬೋಲ್ಟಿನ ರಂಧ್ರದಲ್ಲಿಯೂ ಬೇಡ. ಬೆರಳು ಕಳೆದುಕೊಳ್ಳುವುದು ಹೀಗೆಯೇ. ಮೊನೆ ಕಿರಿದಾದ ಉಕ್ಕಿನ ಸಲಾಕೆ ಅದಕ್ಕೆಂದೇ ಇದೆ.

ಯು ಬೋಲ್ಟ್‌ನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಮೂರು ನಾಲ್ಕು ಹಂತಗಳಲ್ಲಿ ಬಿಗಿಯಿರಿ. ಪ್ರತಿ ಹಂತದಲ್ಲೂ ನಟ್ಟಿನಿಂದಾಚೆ ಚಾಚಿರುವ ಎಳೆಗಳು ನಾಲ್ಕೂ ಕಡೆ ಸಮವಾಗಿವೆಯೇ ನೋಡಿ. ಒಂದು ಕಡೆ ಮುಂದೋಡಿದ್ದರೆ ಪ್ಲೇಟು ಓರೆಯಾಗಿ ಕೂತಿದೆ. ಹೀಗೆ ಎಡಬದಿ ಬಿಗಿಯಾದ ಮೇಲೆ ಬಲಬದಿಗೆ ಹೋಗಿ ಇದೇ ಕ್ರಮದಲ್ಲಿ ಕೆಲಸ ಮಾಡಿ.

ಕಣ್ಣಿನ ಬೋಲ್ಟ್ ಮತ್ತು ಶ್ಯಾಕಲ್ ಬೋಲ್ಟುಗಳಿಗೆ ಕೊನೆಯ ಟಾರ್ಕ್ ಕೊಡುವುದು ಮಾತ್ರ ಗಾಲಿಗಳು ನೆಲದ ಮೇಲೆ ನಿಂತು ವಾಹನದ ಭಾರ ಸ್ಪ್ರಿಂಗಿನ ಮೇಲೆ ಬಿದ್ದ ನಂತರ. ಇದಕ್ಕೆ ಕಾರಣ ರಬ್ಬರ್ ಬುಶ್ಶಿನ ಕೆಲಸದ ರೀತಿ. ಅದರ ಒಳಕೊಳವೆ ಬೋಲ್ಟ್ ಬಿಗಿದೊಡನೆ ಹ್ಯಾಂಗರಿಗೆ ಅಂಟಿಕೊಂಡು ನಿಲ್ಲುತ್ತದೆ, ಹೊರಮೈ ಸ್ಪ್ರಿಂಗಿನ ಕಣ್ಣಿಗೆ ಅಂಟಿರುತ್ತದೆ, ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲೇ ಬಿಗಿದರೆ ವಾಹನ ಸುಮ್ಮನೆ ನಿಂತಿರುವಾಗಲೂ ಆ ರಬ್ಬರ್ ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿಯೇ ಇರುತ್ತದೆ. ಗುಂಡಿ ಬಂದಾಗ ಇನ್ನಷ್ಟು ತಿರುಚಿ ಬೇಗನೆ ಹರಿಯುತ್ತದೆ, ವಾಹನದ ಹಿಂಬದಿಯೂ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ರಬ್ಬರ್ ಬುಶ್ಶಿಗೆ ಸಾಮಾನ್ಯ ಗ್ರೀಸ್ ಹಚ್ಚಬೇಡಿ, ಪೆಟ್ರೋಲಿಯಂ ಅಂಶ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಪಾಲಿಯುರೆಥೇನ್ ಬುಶ್ ಆದರೆ ಅದರ ಜೊತೆಗೆ ಬರುವ ಸಿಲಿಕೋನ್ ಗ್ರೀಸ್ ಬೇಕೇ ಬೇಕು.

ದಪ್ಪ ಪಟ್ಟಿ ಸೇರಿಸುವ ವಿಚಾರ. ಪಟ್ಟಿಯ ಬಿರುಸು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಉದ್ದ, ಅಗಲ ಒಂದೇ ಆಗಿದ್ದರೂ 8 ಮಿಲಿಮೀಟರ್ ಪಟ್ಟಿಗಿಂತ 10 ಮಿಲಿಮೀಟರ್ ಪಟ್ಟಿ ಹೆಚ್ಚುಕಡಿಮೆ ಎರಡರಷ್ಟು ಬಿರುಸು. ಅಂಥದೊಂದನ್ನು ತೆಳು ಪಟ್ಟಿಗಳ ನಡುವೆ ತುರುಕಿದರೆ ಭಾರದ ದೊಡ್ಡ ಪಾಲನ್ನು ಅದೊಂದೇ ಹೊರುತ್ತದೆ, ಬರಿಗಾಡಿ ಓಡುವಾಗ ಹಿಂಗಾಲಿಗಳು ರಸ್ತೆಯಿಂದ ನೆಗೆಯುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ವಾಹನದ ಹೊರೆಯ ಮಿತಿಯನ್ನು ಸ್ಪ್ರಿಂಗ್ ಒಂದೇ ನಿರ್ಧರಿಸುವುದಿಲ್ಲ. ಬ್ರೇಕ್, ಟೈರ್, ಆಕ್ಸಲ್ ಹೌಸಿಂಗ್, ಬೇರಿಂಗ್, ಚಾಸಿ ಎಲ್ಲವೂ ಮೊದಲಿನಷ್ಟೇ ಶಕ್ತಿಯವು. ಹಿಂಬದಿ ಕುಗ್ಗದೆ ನಿಂತಿದೆಯೆಂದು ಹೆಚ್ಚು ಹೇರಿದರೆ, ಮಿತಿ ಮೀರಿದ್ದನ್ನು ಕಣ್ಣಿಗೆ ತೋರಿಸುತ್ತಿದ್ದ ಒಂದೇ ಗುರುತನ್ನು ನೀವೇ ಅಳಿಸಿದಂತಾಗುತ್ತದೆ. ನನ್ನ ಸಲಹೆ, ಸೇರಿಸಬೇಡಿ. ಮುರಿದ ಪಟ್ಟಿಯನ್ನು ಬೆಸುಗೆ ಹಾಕಿಸುವ ಆಲೋಚನೆಯೂ ಬೇಡ. ಸ್ಪ್ರಿಂಗ್ ಉಕ್ಕಿನ ಗುಣವೆಲ್ಲ ಹದವಾಗಿ ಕಾಯಿಸಿ ತಣಿಸಿದ್ದರಲ್ಲಿದೆ, ಬೆಸುಗೆಯ ಶಾಖ ಆ ಹದವನ್ನು ಕೆಡಿಸಿದಲ್ಲೇ ಮತ್ತೆ ಒಡೆಯುತ್ತದೆ. ಹೊಸ ಪಟ್ಟಿಯ ಮೇಲೆ ಸುತ್ತಿಗೆಯ ಗಾಯವಾಗದಂತೆಯೂ ನೋಡಿಕೊಳ್ಳಿ, ಬಿರುಕು ಹುಟ್ಟುವುದು ಅಂಥ ಸಣ್ಣ ಗಾಯಗಳಿಂದ.

ಎಬಿಎಸ್ ಇಲ್ಲದ ಅನೇಕ ಪಿಕಪ್‌ಗಳಲ್ಲಿ ಚಾಸಿಗೆ ಕೂರಿಸಿದ ಒಂದು ವಾಲ್ವಿನಿಂದ ಆಕ್ಸಲಿಗೆ ಸಣ್ಣ ಸರಳೊಂದು ಇಳಿದಿರುತ್ತದೆ. ಹೊರೆ ಹೆಚ್ಚಿ ಹಿಂಬದಿ ಕುಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಇದರ ಕೆಲಸ. ಕೆಲಸದ ವೇಳೆ ಆಕ್ಸಲ್ ಇಳಿದಾಗ ಈ ಸರಳು ಬಾಗದಂತೆ ಮೊದಲೇ ಬಿಡಿಸಿಡಿ, ಅದರ ಹೊಂದಾಣಿಕೆಯ ನಟ್ಟಿನ ಜಾಗವನ್ನು ಬಣ್ಣದಿಂದ ಗುರುತು ಮಾಡಿ. ಹೊಸ ಸ್ಪ್ರಿಂಗಿನಿಂದ ಹಿಂಬದಿ ಎತ್ತರವಾದರೆ ವಾಲ್ವು ಗಾಡಿ ಸದಾ ಖಾಲಿಯಿದೆಯೆಂದು ಭಾವಿಸಿ ಹಿಂದಿನ ಬ್ರೇಕನ್ನು ತಡೆಹಿಡಿಯುತ್ತದೆ, ತುಂಬಿದ ಗಾಡಿಯನ್ನು ಮುಂದಿನ ಬ್ರೇಕುಗಳೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಇದನ್ನು ಕೈಪಿಡಿಯ ಅಳತೆಗೆ ಮರುಹೊಂದಿಸುವವರೆಗೆ ಹೊರೆ ಹಾಕಬೇಡಿ. ಸ್ಪ್ರಿಂಗ್ ಬದಲಾವಣೆಯಲ್ಲಿ ಅತ್ಯಂತ ಹೆಚ್ಚಾಗಿ ಮರೆತುಹೋಗುವುದು ಇದು, ಮತ್ತು ಮರೆತದ್ದು ತಿಳಿಯುವುದು ಇಳಿಜಾರಿನಲ್ಲಿ.

ಎಲ್ಲ ಮುಗಿದು ಗಾಲಿಗಳು ನೆಲ ಮುಟ್ಟಿದ ಮೇಲೆ, ಎರಡೂ ಬದಿಯಲ್ಲಿ ಮುಂಗಾಲಿಯ ನಡುವಿನಿಂದ ಹಿಂಗಾಲಿಯ ನಡುವಿಗೆ ಟೇಪು ಹಿಡಿದು ಅಳೆಯಿರಿ, ಮುಂಗಾಲಿಗಳು ನೇರವಾಗಿರಲಿ. ಎರಡು ಅಳತೆಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಎಲ್ಲೋ ಸೆಂಟರ್ ಬೋಲ್ಟಿನ ತಲೆ ರಂಧ್ರದೊಳಗೆ ಕೂತಿಲ್ಲ, ಯು ಬೋಲ್ಟ್ ಬಿಚ್ಚಿ ಮತ್ತೆ ಕೂರಿಸಬೇಕು. ಬ್ರೇಕ್ ಪೆಡಲನ್ನು ಹಲವು ಬಾರಿ ಒತ್ತಿ, ಹೋಸ್‌ಗಳಲ್ಲಿ ತೇವವಿದೆಯೇ ನೋಡಿ, ಅನಂತರ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ.

ಹೊಸ ಪಟ್ಟಿಗಳು ಮೊದಲ ಕೆಲವು ವಾರಗಳಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕೂರುತ್ತವೆ, ಆಗ ಯು ಬೋಲ್ಟಿನ ಹಿಡಿತ ಕಡಿಮೆಯಾಗುವುದು ಸಹಜ. ಮೊದಲ 100 ಕಿಲೋಮೀಟರ್ ಒಳಗೆ ಒಮ್ಮೆ, 500ರಿಂದ 1000 ಕಿಲೋಮೀಟರ್ ನಡುವೆ ಇನ್ನೊಮ್ಮೆ ಯು ಬೋಲ್ಟ್‌ಗಳಿಗೂ ಗಾಲಿಯ ನಟ್ಟುಗಳಿಗೂ ಟಾರ್ಕ್ ವ್ರೆಂಚ್ ಹಿಡಿಯಬೇಕೆಂದು ನಾನು ಹೇಳುತ್ತೇನೆ. ನಿಮ್ಮ ಕೈಪಿಡಿ ಬೇರೆ ಅವಧಿಯನ್ನು ಹೇಳಿದ್ದರೆ ಅದನ್ನೇ ಅನುಸರಿಸಿ. ಎರಡನೆಯ ಬಾರಿ ನೋಡುವಾಗ ಯಾವ ನಟ್ಟೂ ಗಮನಕ್ಕೆ ಬರುವಷ್ಟು ತಿರುಗದಿದ್ದರೆ ಪೂರ್ಣ ಹೊರೆ ಹಾಕಬಹುದು. ಎರಡನೆಯ ಬಾರಿಯೂ ಅರ್ಧ ಸುತ್ತು ತಿರುಗಿದರೆ ಮತ್ತೆ ಬಿಗಿದು ಸುಮ್ಮನಾಗದೆ ಪೀಠವನ್ನು ಬಿಚ್ಚಿ ನೋಡಿ. ಅಲ್ಲಿ ಬಣ್ಣ, ತುಕ್ಕು ಅಥವಾ ಓರೆಯಾಗಿ ಕೂತ ಪ್ಲೇಟು ಇದ್ದೇ ಇರುತ್ತದೆ.